ಮನೆ ಖಾಲಿ ಮಾಡಿಸುವ ಕೇಸು: ತಮ್ಮನ ಮಾನಸಿಕ ಸ್ಥಿತಿ ಬಗ್ಗೆ ಕೋರ್ಟಿಗೆ ಎಂಥ ವರದಿ ಬೇಕು?

ಪ್ರಶ್ನೆ – ಬಾಡಿಗೆದಾರನ ಅಕ್ಕ

ನನ್ನ ತಮ್ಮನಿಗೆ 44 ವರ್ಷ. ಮದುವೆಯಾಗಿಲ್ಲ, ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದಾನೆ. ಸ್ಕಿಜೋಫ್ರೇನಿಯಾ ಎಂದು ಡಾಕ್ಟರು ಹೇಳಿ ತುಂಬಾ ವರ್ಷವಾಯಿತು. ಮಾತ್ರೆ ತೆಗೆದುಕೊಳ್ಳುತ್ತಿದ್ದಾಗ ಚೆನ್ನಾಗಿಯೇ ಇದ್ದ. ಲೆಕ್ಕಪತ್ರ ಬರೆಯುವ ಕೆಲಸಕ್ಕೆ ಹೋಗುತ್ತಿದ್ದ, ಬಾಡಿಗೆ ತಪ್ಪಿಸುತ್ತಿರಲಿಲ್ಲ. ಕಳೆದ ವರ್ಷ ಮಾತ್ರೆ ಬಿಟ್ಟ. ಈಗ ಮೇಲಿನ ಮನೆಯ ಓನರ್ ಗೋಡೆಯೊಳಗೆ ಮೈಕ್ ಇಟ್ಟಿದ್ದಾರೆ ಎನ್ನುತ್ತಾನೆ. ಸ್ವಿಚ್ ಬೋರ್ಡುಗಳನ್ನೆಲ್ಲ ಬಿಚ್ಚಿ ಹಾಕಿದ್ದಾನೆ. ಬಾಡಿಗೆ ಕೊಡು ಎಂದರೆ, "ಆ ದುಡ್ಡಲ್ಲಿ ಅವರು ಇನ್ನೊಂದು ಮಶೀನ್ ತರುತ್ತಾರೆ" ಎನ್ನುತ್ತಾನೆ.

ಓನರ್ ಬಹಳ ದಿನ ಕಾದರು. ಆಮೇಲೆ ಕೋರ್ಟಿಗೆ ಹೋದರು. ಸಮನ್ಸ್ ಬಂದಾಗ ತಮ್ಮನೇ ಸಹಿ ಹಾಕಿ ತೆಗೆದುಕೊಂಡಿದ್ದಾನೆ, ಆದರೆ ಕವರ್ ಒಡೆದಿಲ್ಲ. ಕೋರ್ಟೂ ಅವರ ಕಡೆಯದೇ ಅಂತೆ. ನಾನು ಹೋದಾಗ ಆ ಕವರ್ ಟಿವಿ ಮೇಲೆ ಬಿದ್ದಿತ್ತು. ಒಡೆದು ನೋಡಿದೆ. ಹಾಜರಾಗಬೇಕಾದ ದಿನ ಹತ್ತಿರವೇ ಇದೆ.

ಅವನಿಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರ ಹತ್ತಿರ ಒಂದು ಸರ್ಟಿಫಿಕೇಟ್ ತಂದು ಕೊಟ್ಟರೆ ಸಾಕಾ? ಕೋರ್ಟು ಒಂದು ಸಲ "ಬುದ್ಧಿ ಸರಿಯಿಲ್ಲ" ಎಂದು ಬರೆದುಬಿಟ್ಟರೆ ಜೀವನಪೂರ್ತಿ ಅವನಿಗೆ ಬ್ಯಾಂಕು, ಕೆಲಸ ಎಲ್ಲದಕ್ಕೂ ತೊಂದರೆಯಾಗುತ್ತದಾ? ಅವನು ಪರೀಕ್ಷೆಗೆ ಒಪ್ಪದಿದ್ದರೆ ಏನು ಮಾಡುವುದು? ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಉತ್ತರ – ಮನೋವೈದ್ಯ, ಸರ್ಕಾರಿ ಆಸ್ಪತ್ರೆ

ಅಮ್ಮ, ಕೋರ್ಟಿಗೆ ಇಂಥ ವರದಿ ಬರೆಯುವುದು, ಆಮೇಲೆ ಸಾಕ್ಷಿಕಟ್ಟೆಯಲ್ಲಿ ನಿಂತು ಅದಕ್ಕೆ ಜವಾಬು ಹೇಳುವುದು ನನ್ನ ಕೆಲಸದಲ್ಲಿ ಸೇರಿದೆ. ಕಾನೂನಿನ ಕಡೆಯದನ್ನು ವಕೀಲರು ಹೇಳಲಿ. ವೈದ್ಯರ ಕಡೆಯದನ್ನು ನಾನು ಹೇಳುತ್ತೇನೆ.

"ಇವರು ಸ್ಕಿಜೋಫ್ರೇನಿಯಾದಿಂದ ಬಳಲುತ್ತಿದ್ದಾರೆ, ಕೋರ್ಟಿಗೆ ಹಾಜರಾಗಲಾರರು." ಇಂಥ ಎರಡು ಸಾಲಿನ ಸರ್ಟಿಫಿಕೇಟ್ ನಿಮಗೆ ಸುಲಭವಾಗಿ ಸಿಗಬಹುದು. ಅದರಿಂದ ಕೆಲಸ ಆಗುವುದಿಲ್ಲ. ಎದುರು ವಕೀಲರು ಮೊದಲು ಕೇಳುವುದೇ, "ಈ ಕಾಯಿಲೆ ಇರುವವರು ಕೆಲಸಕ್ಕೆ ಹೋಗುತ್ತಾರೆ, ಸಂಸಾರ ಮಾಡುತ್ತಾರೆ, ಅಲ್ವಾ ಡಾಕ್ಟರೇ?" ಹೌದು ಎಂದೇ ಹೇಳಬೇಕು, ಯಾಕೆಂದರೆ ಅದು ನಿಜ. ನಿಮ್ಮ ತಮ್ಮನೇ ಇಷ್ಟು ವರ್ಷ ಹಾಗೆ ಬದುಕಿದ್ದಾನೆ. ಕಾಯಿಲೆಯ ಹೆಸರು ಹೇಳಿದರೆ ಕೋರ್ಟಿನ ಪ್ರಶ್ನೆಗೆ ಉತ್ತರ ಸಿಕ್ಕ ಹಾಗಾಗುವುದಿಲ್ಲ. ಈ ಕೇಸಿನಲ್ಲಿ, ಈಗಿನ ಸ್ಥಿತಿಯಲ್ಲಿ, ತನ್ನ ಹಿತವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇವನಿಗೆ ಇದೆಯೇ? ಕೋರ್ಟಿಗೆ ಬೇಕಾದದ್ದು ಅಷ್ಟು.

ಅದನ್ನು ನಾನು ಹೇಗೆ ನೋಡುತ್ತೇನೆ ಎಂದರೆ, ಮೊದಲು ಕೇಸಿನ ಕಾಗದಗಳನ್ನು ನಾನೇ ಓದಿಕೊಂಡಿರುತ್ತೇನೆ. ಆಮೇಲೆ ಅವರನ್ನು ಕೇಳುತ್ತೇನೆ. ಈ ಕಾಗದ ಕಳಿಸಿದ್ದು ಯಾರು? ಅವರಿಗೆ ಏನು ಬೇಕಂತೆ? ಅವರು ಹೇಳುತ್ತಿರುವುದರಲ್ಲಿ ಯಾವುದು ನಿಜ, ಯಾವುದು ಸುಳ್ಳು? ಕೋರ್ಟಿಗೆ ಹೋಗದಿದ್ದರೆ ಏನಾಗುತ್ತದೆ? ವಕೀಲರು ಅಂದರೆ ಯಾರ ಪರವಾಗಿ ಮಾತಾಡುವವರು? ಕೊನೆಗೆ, "ಓನರ್ ಆರು ತಿಂಗಳು ಟೈಮ್ ಕೊಡುತ್ತೇನೆ ಅಂದರೆ ಒಪ್ಪುತ್ತೀರಾ? ಯಾಕೆ?"

ಆ ಕೊನೆಯ "ಯಾಕೆ" ತುಂಬಾ ಮುಖ್ಯ. ಕಿವಿಯಲ್ಲಿ ದನಿ ಕೇಳಿಸುತ್ತಿರುವ ಒಬ್ಬರು ಹೀಗೆ ಹೇಳಬಹುದು: "ಒಪ್ಪಲ್ಲ ಸರ್. ಇಲ್ಲಿಂದ ಕೆಲಸಕ್ಕೆ ಹತ್ತಿರ. ಬಾಕಿ ಕಂತಿನಲ್ಲಿ ಕಟ್ಟುತ್ತೇನೆ, ಇರಲು ಬಿಡಲಿ." ದನಿ ಕೇಳಿಸುವುದು ಕಾಯಿಲೆ ಹೌದು, ಆದರೆ ತೀರ್ಮಾನ ಅವರದೇ. ತೂಗಿ ನೋಡಿದ್ದಾರೆ. ಇನ್ನೊಬ್ಬರು ಬಹಳ ಶಾಂತವಾಗಿ, ಒಳ್ಳೆ ಭಾಷೆಯಲ್ಲಿ, "ಒಪ್ಪಬೇಕಾದ್ದೇ ಇಲ್ಲ, ಆ ಜಡ್ಜೂ ಮೈಕಿನಲ್ಲಿ ನನ್ನ ಮಾತು ಕೇಳಿಸಿಕೊಳ್ಳುತ್ತಿದ್ದಾರೆ" ಎನ್ನಬಹುದು. ಇಲ್ಲಿ ಭ್ರಮೆ ನೇರವಾಗಿ ತೀರ್ಮಾನದ ಒಳಗೇ ಬಂದು ಕೂತಿದೆ. ನೀವು ಬರೆದಿರುವ ಬಾಡಿಗೆಯ ಮಾತು, ಕವರ್ ಒಡೆಯದ ಮಾತು ಇದೇ ಜಾತಿಗೆ ಸೇರಬಹುದು. ನೋಡದೆ ಹೇಳುವುದು ತಪ್ಪು, ಅದಕ್ಕೇ "ಬಹುದು" ಎನ್ನುತ್ತಿದ್ದೇನೆ.

ಇದರ ಜೊತೆಗೆ ಮಾಮೂಲಿ ಮಾನಸಿಕ ಸ್ಥಿತಿ ಪರೀಕ್ಷೆಯೂ ಇರುತ್ತದೆ: ವೇಷ, ನಡವಳಿಕೆ, ಮಾತು, ಮನಸ್ಥಿತಿ, ಆಲೋಚನೆ, ಗ್ರಹಿಕೆ, ನೆನಪು, ತನ್ನ ಕಾಯಿಲೆ ಬಗ್ಗೆ ತನಗಿರುವ ಅರಿವು. ಒಂದು ವಿಷಯ ನಿಮ್ಮ ವಕೀಲರಿಗೂ ತಿಳಿಸಿ. 30 ಅಂಕದ ಒಂದು ಚಿಕ್ಕ ಪರೀಕ್ಷೆ ಇದೆ, ಎಂಎಂಎಸ್‌ಇ ಅಂತ. 1975ರಲ್ಲಿ ಬಂದದ್ದು. ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯಿರಿ, ಈ ಮೂರು ಪದ ನೆನಪಿಟ್ಟುಕೊಳ್ಳಿ ಎಂಬಂಥವು ಅದರಲ್ಲಿರುತ್ತವೆ. ಮರೆವಿನ ಕಾಯಿಲೆ ಗುರುತಿಸಲು ಅದು ಉಪಯೋಗ. ಭ್ರಮೆ ಇರುವವರು ಅದರಲ್ಲಿ ಪೂರ್ತಿ ಅಂಕ ತೆಗೆಯಬಹುದು. ಲೆಕ್ಕಪತ್ರ ಬರೆಯುತ್ತಿದ್ದವನಿಗೆ ಏಳೇಳು ಕಳೆಯುವುದು ಕಷ್ಟವೇ? "ಲೆಕ್ಕ ಸರಿಯಾಗಿದೆ, ತಾರೀಖು ಗೊತ್ತಿದೆ, ಇವರಿಗೆ ಏನೂ ಆಗಿಲ್ಲ" ಎಂದು ಎದುರು ಕಡೆಯವರು ವಾದಿಸಿಯಾರು. ಈ ವ್ಯತ್ಯಾಸವನ್ನು ವರದಿಯಲ್ಲೇ ಬಿಡಿಸಿ ಬರೆದಿರಬೇಕು.

ನೀವೂ ವಿವರ ಕೊಡಬೇಕಾಗುತ್ತದೆ. ಮೊದಲು ಬಾಡಿಗೆ ಕಟ್ಟುತ್ತಿದ್ದ ದಾಖಲೆ, ಯಾವ ತಿಂಗಳಿಂದ ನಿಂತಿತು, ಮಾತ್ರೆ ಯಾವಾಗ ಬಿಟ್ಟ. ಈ ತಾರೀಖುಗಳು ಒಂದಕ್ಕೊಂದು ಹೊಂದಿಕೊಂಡರೆ ಅದು ದೊಡ್ಡ ಸಾಕ್ಷಿ. ಆದರೆ ಸಂದರ್ಶನದ ಹೊತ್ತಿಗೆ ನೀವು ಹೊರಗಿರಬೇಕು. ಅಕ್ಕ ಪಕ್ಕದಲ್ಲಿದ್ದರೆ ಅಕ್ಕನಿಗೆ ಬೇಜಾರಾಗದ ಉತ್ತರ ಬರುತ್ತದೆ.

ಸಾಧ್ಯವಾದರೆ ವರದಿಯನ್ನು ಚಿಕಿತ್ಸೆ ಕೊಟ್ಟ ಡಾಕ್ಟರ ಬದಲು ಬೇರೆಯವರು ಬರೆಯಲಿ. ನಾಳೆ ಅವನು ಮಾತ್ರೆಗೆ ಅದೇ ಡಾಕ್ಟರ ಹತ್ತಿರ ಹೋಗಬೇಕು. ತನ್ನ ವಿಷಯವನ್ನು ಕೋರ್ಟಿನಲ್ಲಿ ಹೇಳಿದವರನ್ನು ಅವನು ಮತ್ತೆ ನಂಬುತ್ತಾನಾ?

ವರದಿಗೆ ತಾರೀಖು ಇರಬೇಕು. ಮಾತ್ರೆ ಮತ್ತೆ ಶುರುವಾದರೆ ಕೆಲವು ವಾರಗಳಲ್ಲಿ ಚಿತ್ರವೇ ಬದಲಾಗಬಹುದು. ಆಗ ಮತ್ತೆ ಪರೀಕ್ಷೆ ಮಾಡಬೇಕೆಂದು ನಾನು ನನ್ನ ವರದಿಗಳಲ್ಲಿ ಬರೆಯುತ್ತೇನೆ. ಈ ಶಕ್ತಿ ಇವತ್ತು ಇಲ್ಲವೆಂದರೆ ಎಂದೂ ಇಲ್ಲವೆಂದು ಅಲ್ಲ. ನಿಮ್ಮ ತಮ್ಮನ ಹಿಂದಿನ ವರ್ಷಗಳನ್ನು ನೋಡಿದರೆ ನನಗೆ ಆ ಭರವಸೆ ಜಾಸ್ತಿ.

ಉತ್ತರ – ವಕೀಲೆ, ಸಿವಿಲ್ ಕೇಸುಗಳು

ಮೇಡಂ, ಡಾಕ್ಟರ್ ಹೇಳಿದ್ದೆಲ್ಲ ಆಮೇಲೆ. ಮೊದಲು ಆ ದಿನ ಕೋರ್ಟಿನಲ್ಲಿ ಯಾರಾದರೂ ಇರಬೇಕು. ಯಾರೂ ಇಲ್ಲದಿದ್ದರೆ ಏಕಪಕ್ಷೀಯವಾಗಿ ಕೇಸು ನಡೆದು ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಆಗಿಬಿಡಬಹುದು. ಅದನ್ನು ರದ್ದು ಮಾಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 9 ರೂಲ್ 13 ಇದೆ, ಆದರೆ 30 ದಿನದ ಗಡುವು, ಮೇಲೆ ಓಡಾಟ. ಅಲ್ಲಿಗೆ ಬಿಡಬೇಡಿ. ಓನರ್ ದಾವೆಗೆ ಲಿಖಿತ ಉತ್ತರ (ತಕರಾರು) ಸಲ್ಲಿಸಲು ಸಮನ್ಸ್ ತಲುಪಿದ ದಿನದಿಂದ 30 ದಿನ. ಕಾರಣ ತೋರಿಸಿದರೆ 90ರವರೆಗೆ ಕೋರ್ಟು ಅವಕಾಶ ಕೊಡಬಹುದು.

ನಿಮಗೆ ಬೇಕಾದ ದಾರಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 32 ರೂಲ್ 15. ಮುಂಚೆಯೇ ಅಸ್ವಸ್ಥಚಿತ್ತ ಎಂದು ಘೋಷಣೆ ಆಗಿರಲೇಬೇಕು ಅಂತಿಲ್ಲ. ಮಾನಸಿಕ ದೌರ್ಬಲ್ಯದಿಂದ ತನ್ನ ಹಿತ ಕಾಯ್ದುಕೊಳ್ಳಲಾರ ಎಂದು ಕೋರ್ಟು ವಿಚಾರಣೆ ಮಾಡಿ ಕಂಡುಕೊಂಡರೆ ಸಾಕು, ಆ ಕೇಸಿನ ಮಟ್ಟಿಗೆ ಅವನ ಪರವಾಗಿ ಒಬ್ಬ ಪೋಷಕರನ್ನು ನೇಮಿಸುತ್ತದೆ. ಇದಕ್ಕೆ ನೀವು ಅರ್ಜಿ ಹಾಕಬೇಕು, ಜೊತೆಗೆ ಪ್ರಮಾಣಪತ್ರ (ಅಫಿಡವಿಟ್), ಸಿಕ್ಕಿರುವ ವೈದ್ಯಕೀಯ ಕಾಗದ. ಆಮೇಲೆ ಜಡ್ಜ್ ಸಾಮಾನ್ಯವಾಗಿ ಅವನನ್ನೇ ಕರೆಸಿ ನಾಲ್ಕು ಮಾತು ಕೇಳುತ್ತಾರೆ, ಡಾಕ್ಟರ ವರದಿಯನ್ನೂ ನೋಡುತ್ತಾರೆ. ತೀರ್ಮಾನ ಕೋರ್ಟಿನದು. ಡಾಕ್ಟರದು ತಜ್ಞರ ಅಭಿಪ್ರಾಯ ಅಷ್ಟೆ, ಪಾಟಿಸವಾಲು ಎದುರಿಸಬೇಕು.

ಜೀವನಪೂರ್ತಿ ಅಂಟಿಕೊಳ್ಳುತ್ತದಾ ಎಂದು ಕೇಳಿದಿರಿ. ಇಲ್ಲ. ಆ ವಿಚಾರಣೆ ಈ ಕೇಸಿನಲ್ಲಿ ಅವನನ್ನು ಕಾಪಾಡಲು ಮಾತ್ರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ ಸೆಕ್ಷನ್ 3 ಓದಿ. ಮಾನಸಿಕ ಕಾಯಿಲೆ ಇದೆ ಎಂಬುದರಿಂದಲೇ ಯಾರನ್ನೂ ಅಸ್ವಸ್ಥಚಿತ್ತ ಎಂದು ಎಣಿಸುವ ಹಾಗಿಲ್ಲ. ಹಿಂದೆ ಆಸ್ಪತ್ರೆಯಲ್ಲಿದ್ದ ಎಂಬುದೊಂದನ್ನೇ ಹಿಡಿದುಕೊಂಡು ಈಗಲೂ ಕಾಯಿಲೆ ಇದೆ ಎನ್ನುವ ಹಾಗೂ ಇಲ್ಲ.

ನೀವು ಕೊಟ್ಟ ಪುರಾವೆಯನ್ನು ಓನರ್ ಕಡೆಯವರು ಅಲ್ಲಗಳೆದರೆ ಅದೇ ಕಾಯ್ದೆಯ ಸೆಕ್ಷನ್ 105 ಬರುತ್ತದೆ. ಕೋರ್ಟು ಅದನ್ನು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಕಳಿಸುತ್ತದೆ. ಮಂಡಳಿ ತಾನೇ ಅಥವಾ ತಜ್ಞರ ಸಮಿತಿ ಮೂಲಕ ಪರೀಕ್ಷೆ ಮಾಡಿ ಅಭಿಪ್ರಾಯ ಕೊಡುತ್ತದೆ.

ಇನ್ನು ಒಪ್ಪದಿದ್ದರೆ? ಪಕ್ಷಗಾರರನ್ನು ವೈದ್ಯಕೀಯ ಪರೀಕ್ಷೆಗೆ ಹೋಗಿ ಎಂದು ಆದೇಶಿಸುವ ಅಧಿಕಾರ ಸಿವಿಲ್ ಕೋರ್ಟಿಗೆ ಇದೆ ಎಂದು ಸುಪ್ರೀಂ ಕೋರ್ಟು 2003ರಲ್ಲಿ ಶಾರದಾ ವಿರುದ್ಧ ಧರ್ಮಪಾಲ್ ಕೇಸಿನಲ್ಲಿ ಹೇಳಿದೆ. ಅದು ವಿಚ್ಛೇದನದ ಕೇಸು. ಆದರೆ ಮೇಲ್ನೋಟಕ್ಕೇ ಕಾಣುವ ಬಲವಾದ ಕಾರಣ ಇರಬೇಕು, ಸುಮ್ನೆ ಕೇಳಿದ್ದಕ್ಕೆಲ್ಲ ಕಳಿಸುವ ಹಾಗಿಲ್ಲ ಎಂದೂ ಅದರಲ್ಲೇ ಇದೆ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ ಸೆಕ್ಷನ್ 12ರಲ್ಲಿ ಅಂಗವಿಕಲತೆ ಇರುವವರಿಗೆ ಉಚಿತ ನೆರವು ಇದೆ, ಮಾನಸಿಕ ಕಾಯಿಲೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸೇರಿದೆ. ಸಹಾಯವಾಣಿ 15100.

ಮರುಪ್ರಶ್ನೆ – ಬಾಡಿಗೆದಾರನ ಅಕ್ಕ

ಇಬ್ಬರಿಗೂ ಕೈ ಮುಗಿಯುತ್ತೇನೆ. ವಕೀಲರನ್ನು ಹಿಡಿಯುವ ಕೆಲಸ ಶುರು ಮಾಡಿದೆ.

ಡಾಕ್ಟರೇ, ಇನ್ನೊಂದು ಕೇಳಬೇಕು. ಮನೋವೈದ್ಯರು ಎಂದರೆ ಅವನು ಬಾಗಿಲೇ ತೆಗೆಯುವುದಿಲ್ಲ. ನಮ್ಮ ಚಿಕ್ಕಪ್ಪ ಒಂದು ಉಪಾಯ ಹೇಳುತ್ತಿದ್ದಾರೆ. ಡಾಕ್ಟರನ್ನು ನನ್ನ ಆಫೀಸಿನ ಪರಿಚಯದವರು ಎಂದು ಹೇಳಿ ಮನೆಗೆ ಕರೆದುಕೊಂಡು ಹೋಗುವುದು, ಮಾತಾಡುತ್ತಾ ಅವರು ನೋಡಿಕೊಳ್ಳುವುದು. ಹೀಗೆ ಮಾಡಬಹುದಾ? ಅವನ ಹತ್ತಿರ ಅಂಗವೈಕಲ್ಯ ಕಾರ್ಡ್ ಕೂಡ ಇದೆ, ಅದನ್ನೇ ಕೊಟ್ಟರೆ ಆಗುವುದಿಲ್ಲವಾ?

ಉತ್ತರ – ಮನೋವೈದ್ಯ, ಸರ್ಕಾರಿ ಆಸ್ಪತ್ರೆ

ಬೇಡಮ್ಮ. ಚಿಕ್ಕಪ್ಪನವರು ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೂ ಬೇಡ.

ನಿಮ್ಮ ತಮ್ಮನ ಸಂಕಟವೇ ಏನು? ತನಗೆ ಗೊತ್ತಿಲ್ಲದ ಹಾಗೆ ಯಾರೋ ತನ್ನ ಮಾತು ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುವುದು. ನಾವು ವೇಷ ಬದಲಿಸಿ ಹೋಗಿ, ಅವನ ಮಾತು ಕೇಳಿ, ಕೋರ್ಟಿಗೆ ಬರೆದು ಕೊಟ್ಟರೆ ಅವನ ಭಯವನ್ನು ನಾವೇ ನಿಜ ಮಾಡಿದ ಹಾಗೆ. ಆಮೇಲೆ ಅವನು ನಿಮ್ಮನ್ನೂ ಒಳಗೆ ಬಿಡುವುದಿಲ್ಲ. ಈಗ ಅವನಿಗೆ ಉಳಿದಿರುವ ಒಂದೇ ಬಾಗಿಲು ನೀವು. ವರದಿಯೂ ಉಳಿಯುವುದಿಲ್ಲ. "ಯಾರೆಂದು ಹೇಳಿಕೊಂಡು ಹೋದಿರಿ?" ಎಂದು ಕೇಳಿದರೆ ಆ ಡಾಕ್ಟರು ಏನು ಹೇಳಬೇಕು?

ಕೋರ್ಟಿಗಾಗಿ ಮಾಡುವ ಪರೀಕ್ಷೆಯಲ್ಲಿ ನಾನು ಕೂತ ತಕ್ಷಣ ಹೇಳುವುದು ಇಷ್ಟು: ನಾನು ಯಾರು, ಯಾಕೆ ಬಂದೆ, ನೀವು ಹೇಳಿದ್ದನ್ನು ಜಡ್ಜ್ ಓದುತ್ತಾರೆ, ನೀವು ಉತ್ತರ ಕೊಡದೆ ಇರಬಹುದು. ಇದನ್ನು ಕೇಳಿ ಎದ್ದು ಹೋದವರೂ ಇದ್ದಾರೆ. ಆದರೆ ನೇರವಾಗಿ ಹೇಳಿದ್ದಕ್ಕೇ ಕೂತು ಮಾತಾಡಿದವರು ಜಾಸ್ತಿ. ಎಲ್ಲರೂ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅನಿಸುತ್ತಿರುವವರಿಗೆ ಬಿಚ್ಚಿ ಹೇಳುವವರು ಸಿಕ್ಕರೆ ಸಮಾಧಾನವೇ.

ಕಾಯಿಲೆ ಬಗ್ಗೆ ಮಾತು ತೆಗೆಯಬೇಡಿ. ಮೈಕ್ ಇದೆಯೋ ಇಲ್ಲವೋ ಎಂದು ವಾದಕ್ಕೂ ಇಳಿಯಬೇಡಿ. ಅವನಿಗೆ ನಿದ್ದೆ ಹೇಗಿದೆ? ಗೋಡೆಯ ಸದ್ದು ರಾತ್ರಿಯಿಡೀ ಕೇಳಿಸಿದರೆ ಯಾರು ಮಲಗುತ್ತಾರೆ? "ನಿನಗೆ ನಿದ್ದೆ ಇಲ್ಲ, ನನಗೆ ನಿನ್ನ ಚಿಂತೆ, ಒಂದು ಸಲ ಡಾಕ್ಟರಿಗೆ ತೋರಿಸೋಣ" ಎನ್ನಿ. ಅದು ನಿಜವೂ ಹೌದು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಅವನನ್ನು ಹೇಗೆ ಒಪ್ಪಿಸುವುದು ಎಂದು ಕೇಳಲು ನೀವೂ ಮಾಡಬಹುದು.

ಅವನು ಒಪ್ಪಲೇ ಇಲ್ಲವಾದರೆ ವಕೀಲರು ಹೇಳಿದ ಹಾಗೆ ಕೋರ್ಟಿನ ಮೂಲಕ ಹೋಗಿ. ಕೇಸಿಗೆ ವರದಿ ಬೇಕು ಎಂಬ ಒಂದೇ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಲು ಹೊರಡಬೇಡಿ. ದಾಖಲು ಮಾಡುವುದು ಚಿಕಿತ್ಸೆಗೆ. ಅದಕ್ಕೆ ಕಾಯ್ದೆಯಲ್ಲಿ ಬೇರೆಯೇ ಷರತ್ತುಗಳಿವೆ.

ಅಂಗವೈಕಲ್ಯ ಕಾರ್ಡಿನ ಕಥೆ ಬೇರೆ. ಅದಕ್ಕೆ ಐಡಿಯಾಸ್ ಎಂಬ ಮಾಪನದಲ್ಲಿ ನಾಲ್ಕು ವಿಷಯ ನೋಡುತ್ತಾರೆ: ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜೊತೆ ಒಡನಾಟ, ಮಾತು ಮತ್ತು ತಿಳುವಳಿಕೆ, ಕೆಲಸ. ಅದರಿಂದ ಶೇಕಡಾ ಬರುತ್ತದೆ, ಸೌಲಭ್ಯಗಳಿಗೆ ಕನಿಷ್ಠ 40 ಇರಬೇಕು. ಕೇಸು ನಡೆಸುವ ಶಕ್ತಿ ಬಗ್ಗೆ ಅದು ಏನೂ ಹೇಳುವುದಿಲ್ಲ. ಉಚಿತ ಕಾನೂನು ನೆರವು ಕೇಳಲು ಕಾರ್ಡ್ ಖಂಡಿತ ತೋರಿಸಿ.

ಉತ್ತರ – ಮನೆ ಮಾಲೀಕ

ನಾನು ಇಂಥದ್ದೇ ಕೇಸಿನಲ್ಲಿ ಆ ಕಡೆ ಇದ್ದವನು. ನಮ್ಮ ಬಾಡಿಗೆದಾರರು ವಯಸ್ಸಾದ ಹೆಂಗಸು. ಹಳೆ ಪೇಪರು, ಡಬ್ಬ ಎಲ್ಲ ತುಂಬಿ ಬಾಗಿಲು ತೆಗೆಯಲು ಆಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ಗ್ಯಾಸ್ ಉರಿಯ ಪಕ್ಕದಲ್ಲೇ ಕಾಗದದ ರಾಶಿ. ನನಗೆ ಬೆಂಕಿಯ ಭಯ.

ಬೇಗ ಡಿಕ್ರಿ ಆಗಲಿ ಎಂದೇ ನನಗೂ ಇತ್ತು. ನಮ್ಮ ವಕೀಲರು ಬೇಡ ಎಂದರು. ಹಿತ ಕಾಯಲಾರದವರ ಮೇಲೆ ಪೋಷಕರಿಲ್ಲದೆ ತೆಗೆದುಕೊಂಡ ಡಿಕ್ರಿಯನ್ನು ಆಮೇಲೆ ಯಾರು ಬೇಕಾದರೂ ಬಂದು ಅಲ್ಲಾಡಿಸಬಹುದು ಎಂದು ತಿಳಿಸಿ ಹೇಳಿದರು. ಪೋಷಕರನ್ನು ನೇಮಿಸಿ ಎಂದು ನಾವೇ ಅರ್ಜಿ ಹಾಕಿದೆವು. ಅಕ್ಕನವರೇ, ನಿಮ್ಮ ಓನರ್ ಹತ್ತಿರ ವಕೀಲರ ಮೂಲಕ ಮಾತಾಡಿ ನೋಡಿ. ಈ ಅರ್ಜಿಗೆ ಅವರು ಅಡ್ಡ ಬರಬೇಕಾಗಿಯೇ ಇಲ್ಲ. ಅವರಿಗೂ ಇದೇ ಭದ್ರ. ನಡುವೆ ನೀರು, ಕರೆಂಟು ನಿಲ್ಲಿಸುವುದು, ಬೀಗ ಹಾಕುವುದು ಮಾತ್ರ ಆಗಬಾರದು. ಅದನ್ನು ಮೊದಲೇ ಕೇಳಿಕೊಳ್ಳಿ.

ಉತ್ತರ – ಪರೀಕ್ಷೆಗೆ ಕೂತಿದ್ದವನು

ಅಕ್ಕ, ನಿಮ್ಮ ತಮ್ಮನ ಜಾಗದಲ್ಲಿ ನಾನು ಕೂತಿದ್ದೇನೆ. ಈಗ ಆರಾಮಾಗಿದ್ದೇನೆ, ಮಾತ್ರೆ ನಡೆಯುತ್ತಿದೆ.

ನನ್ನನ್ನು ನೋಡಿದ ಡಾಕ್ಟರ್ ಬಾಗಿಲ ಹತ್ತಿರದ ಕುರ್ಚಿಯನ್ನು ನನಗೇ ಬಿಟ್ಟರು. ಬೇಕೆಂದಾಗ ಎದ್ದು ಹೋಗಬಹುದಿತ್ತು. ಅದರಿಂದಲೇ ಕೂತೆ. ಏನು ಬರೆಯುತ್ತಿದ್ದಾರೆ ಎಂದು ಕೇಳಿದರೆ ಓದಿ ಹೇಳಿದರು. ಒಂದು ಕಡೆ ನಾನು ಹೇಳಿದ್ದು ಬೇರೆ ಅರ್ಥ ಬರುವ ಹಾಗಿತ್ತು, ತಿದ್ದಿಸಿದೆ. ಕಷ್ಟ ಆಗಿದ್ದು ಬೇರೆ. ಕೋರ್ಟಿನ ಹೊರಗೆ ನನ್ನ ಮುಂದೆಯೇ ಮನೆಯವರು, ವಕೀಲರು ನನ್ನನ್ನು "ಇವನು, ಇವನಿಗೆ" ಎಂದು ಮಾತಾಡುತ್ತಿದ್ದರು. ಎಲ್ಲವೂ ಕೇಳಿಸುತ್ತಿತ್ತು. ದಯವಿಟ್ಟು ಹಾಗೆ ಮಾಡಬೇಡಿ.

ಪೋಷಕರು ಬಂದ ಮೇಲೂ ಅವನಿಗೆ ಏನು ಬೇಕು ಎಂದು ಕೇಳಿ. ಆ ಮನೆಯಲ್ಲೇ ಇರಬೇಕಾ? ಅಷ್ಟು ಭಯ ಇರುವ ಜಾಗದಲ್ಲಿ ಅವನಿಗೇ ಇರಲು ಇಷ್ಟ ಇಲ್ಲದಿರಬಹುದು. ನನಗೆ ಇರಲಿಲ್ಲ. ಎಲ್ಲರೂ ನನ್ನ ಮನೆ ಉಳಿಸಲು ಹೋರಾಡುತ್ತಿದ್ದರು, ನನಗೆ ಅಲ್ಲಿಂದ ಹೊರಟರೆ ಸಾಕಾಗಿತ್ತು.

ಬಾಡಿಗೆದಾರನ ಅಕ್ಕ

ನಿಮ್ಮ ಮಾತು ಓದಿ ಅತ್ತುಬಿಟ್ಟೆ ತಮ್ಮಾ. ಇದನ್ನು ನಾನು ಅವನಿಗೆ ಒಂದು ದಿನವೂ ಕೇಳಿಲ್ಲ. ಕೇಳುತ್ತೇನೆ.

ವಕೀಲ ಮೇಡಂ, ಪೋಷಕಳಾಗಿ ನಾನೇ ನಿಲ್ಲಬಹುದು ಅಂದುಕೊಂಡಿದ್ದೇನೆ. ಆದರೆ ಆ ಮನೆಗೆ ಅಡ್ವಾನ್ಸ್ ಕೊಟ್ಟದ್ದು ನಾನು. ಕರಾರು ಅವನ ಹೆಸರಿನಲ್ಲಿದೆ. ಬೇಗ ಖಾಲಿ ಮಾಡಿಸಿದರೆ ಬಾಕಿ ಬಾಡಿಗೆ ಮುರಿದುಕೊಳ್ಳದೆ ಪೂರ್ತಿ ಅಡ್ವಾನ್ಸ್ ನನ್ನ ಕೈಗೆ ಕೊಡುತ್ತೇವೆ ಎಂದು ಓನರ್ ಹೇಳಿಕಳಿಸಿದ್ದಾರೆ. ಇದರಿಂದ ಏನಾದರೂ ತೊಂದರೆಯಾ?

ಉತ್ತರ – ವಕೀಲೆ, ಸಿವಿಲ್ ಕೇಸುಗಳು

ಕೇಳಿದ್ದು ಒಳ್ಳೆಯದಾಯಿತು ಮೇಡಂ. ಆರ್ಡರ್ 32 ರೂಲ್ 4ರ ಪ್ರಕಾರ ಪೋಷಕರ ಹಿತ ಅವರು ಯಾರ ಪರ ನಿಲ್ಲುತ್ತಾರೋ ಅವರ ಹಿತಕ್ಕೆ ವಿರುದ್ಧವಾಗಿರಬಾರದು. ಖಾಲಿಯಾದರೆ ದುಡ್ಡು ನಿಮಗೆ, ಬೀದಿಗೆ ಬರುವುದು ಅವನು. ನಿಮ್ಮ ಮನಸ್ಸಿನಲ್ಲಿ ಹಾಗಿಲ್ಲ ಎಂದು ನನಗೆ ಗೊತ್ತು. ಕಾಗದದ ಮೇಲೆ ಹಾಗೆ ಕಾಣುತ್ತದೆ.

ಓನರ್ ಹೇಳಿಕಳಿಸಿದ್ದಕ್ಕೆ ಬಾಯಿಮಾತಿನಲ್ಲಿ ಹೂಂ ಎನ್ನಬೇಡಿ. ಅಡ್ವಾನ್ಸ್ ವಿಷಯವನ್ನೂ ಈ ಮಾತನ್ನೂ ಪ್ರಮಾಣಪತ್ರದಲ್ಲಿ ಹಾಗೇ ಬರೆದು ಕೋರ್ಟಿನ ಮುಂದಿಡಿ. ದುಡ್ಡಿನ ಸಂಬಂಧ ಇಲ್ಲದ ಚಿಕ್ಕಪ್ಪ ಒಪ್ಪುತ್ತಾರಾ ನೋಡಿ, ಲಿಖಿತ ಒಪ್ಪಿಗೆ ಬೇಕಾಗುತ್ತದೆ. ಯಾರೂ ಸಿಗದಿದ್ದರೆ ಕೋರ್ಟು ತನ್ನ ಅಧಿಕಾರಿಯೊಬ್ಬರನ್ನೇ ನೇಮಿಸಬಹುದು.

ಪೋಷಕರು ಬಂದ ಮೇಲೆ ರಾಜಿ ಮಾಡಿಕೊಳ್ಳುವುದಾದರೆ ರೂಲ್ 7ರಂತೆ ಕೋರ್ಟಿನ ಅನುಮತಿ ಇರಲೇಬೇಕು. ರಾಜಿ ಅವನ ಒಳ್ಳೆಯದಕ್ಕೇ ಇದೆ ಎಂದು ಪೋಷಕರು ಪ್ರಮಾಣಪತ್ರ ಕೊಡಬೇಕು, ವಕೀಲರೂ ಹಾಗೆಂದು ದೃಢೀಕರಿಸಿ ಬರೆದುಕೊಡಬೇಕು. ಅಲ್ಲಿ ಸಮಯ, ಬಾಕಿ, ಅಡ್ವಾನ್ಸ್ ಎಲ್ಲವನ್ನೂ ಒಟ್ಟಿಗೆ ಬರೆಸಬಹುದು. ಅಷ್ಟರಲ್ಲಿ ಮಾತ್ರೆ ಶುರುವಾಗಿ ಅವನು ಸುಧಾರಿಸಿದ್ದರೆ ಮತ್ತೆ ಪರೀಕ್ಷೆ ಮಾಡಿಸಿ, ಪೋಷಕರನ್ನು ಬಿಡುಗಡೆ ಮಾಡಲು ಅರ್ಜಿ ಹಾಕೋಣ. ಆಗ ಸಹಿ ಅವನೇ ಹಾಕುತ್ತಾನೆ.

ಸದ್ಯಕ್ಕೆ ಸಮನ್ಸಿನ ಕವರ್, ಕರಾರು, ಅಡ್ವಾನ್ಸ್ ಕೊಟ್ಟ ರಸೀದಿ, ಹಳೆ ಚಿಕಿತ್ಸೆ ಚೀಟಿಗಳು, ಕಾರ್ಡ್, ಇಷ್ಟನ್ನು ಒಂದು ಫೈಲಿಗೆ ಹಾಕಿ ನಿಮ್ಮ ವಕೀಲರಿಗೆ ಇವತ್ತೇ ಕೊಡಿ. ಸಮನ್ಸ್ ತಲುಪಿದ ತಾರೀಖನ್ನು ಕವರಿನ ಮೇಲೆಯೇ ಬರೆದಿಡಿ.